ಹೋಳಿಗೆ ಘಮದ ಅಂಬಾಸಿಡರ್

ಜಹೀರಾಬಾದಿನಿಂದ ನ್ಯಾಲ್ಕಲ್ ಕಡೆ ಹೊರಳುವ ರಸ್ತೆ. ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಹಳೆಯ ಅಂಬಾಸಿಡರಿನ ಹೊಟ್ಟೆಯಡಿಯಿಂದ ಎರಡು ಕಾಲುಗಳು ಹೊರಚಾಚಿವೆ. ಬೆರಳಲ್ಲಿ ಬೆಳ್ಳಿಯ ಕಾಲುಂಗುರ. ಮೇಲೆ ಚೈನ್ ಪುಲ್ಲಿಗೆ ಜೋತುಬಿದ್ದ ಎಂಜಿನ್ನು, ಬೆನ್ನಿಗೆ ಗೇರ್ ಬಾಕ್ಸು ಕಟ್ಟಿಕೊಂಡು, ಬಾನೆಟ್ಟಿಲ್ಲದ ಮೂತಿಯೊಳಗೆ ಮೆಲ್ಲಗೆ ಇಳಿಯುತ್ತಿದೆ.

"ಏನ್ರಿ, ಹಗೂರ್ಕ ಬಿಡ್ರಿ! ಬಾವ್ಯಾಗ ಕೊಡ ಬಿಟ್ಟಂಗ ಬಿಡಾಕತ್ತೀರಿ," ಕೆಳಗಿನಿಂದ ಲಚ್ಚಮ್ಮನವರ ಹುಕುಂ.

ಸರಪಳಿ ಹಿಡಿದ ಗಂಡ ತುಳಜಪ್ಪನವರಿಗೆ ಬೇರೆಯೇ ಚಿಂತೆ. "ಮೊದ್ಲ ನೀ ಕೈ ತಗಿ. ಕೈ ಮುರದ್ರ ರೊಟ್ಟಿ ಯಾರು ಬಡೀತಾರ?"

"ನೀವೇ ಬಡೀರಿ. ಒಂದು ಕೆಲಸ ಕಲ್ತಂಗ ಆಗ್ತದ."

ಊರಿಗೆಲ್ಲ ಇದು ತುಳಜಪ್ಪನ ಗ್ಯಾರೇಜು. ಗೇರು ಹಾಕುವವಳ ಹೆಸರು ಯಾರೂ ಹಾಕಿಲ್ಲ. ಕಲ್ಹೇರಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಲಚ್ಚಮ್ಮ, ಗಂಡನ ಬೆನ್ನು ಕೈಕೊಟ್ಟ ವರ್ಷ ಗಾಡಿಯಡಿ ನುಸುಳಿದವರು. ಈಗ ವಾರಕ್ಕೆ ಎರಡೋ ಮೂರೋ ಜೀಪು, ಆಟೊ ಅವರ ಕೈ ದಾಟಿ ಹೋಗುತ್ತವೆ. ಆದರೂ ಗಿರಾಕಿಗಳ ಮೊದಲ ಪ್ರಶ್ನೆ ಬದಲಾಗಿಲ್ಲ. ಗಂಟಲು ದಪ್ಪ ಮಾಡಿ, ಇಲ್ಲದ ಮೀಸೆ ತಿರುವಿ, ಲಚ್ಚಮ್ಮ ಅದನ್ನು ಆಡಿ ತೋರಿಸುತ್ತಾರೆ: "ಏ ಬಾಯಿ, ಮಿಸ್ತ್ರಿ ಎಲ್ಲಿ ಹೋಗ್ಯಾನ?"

ಈ ಅಂಬಾಸಿಡರ್ ತೀರಿಹೋದ ಮನ್ಮಥಪ್ಪನವರದು. ನಾರಾಯಣಖೇಡಕ್ಕೆ ಬಾಡಿಗೆ ಓಡಿಸುತ್ತಿದ್ದರು. ಅವರ ಹೆಂಡತಿ ಶಾಂತಾಬಾಯಿಗೆ ಇದು ಮತ್ತೆ ಓಡಬೇಕು. ಮಗ ಗುರುಬಸವನದು ಒಂದೇ ಮಾತು: ಇವತ್ತು ಗ್ಯಾರೇಜಿನ ಮುಂದಿನ ಏರು ಹತ್ತದಿದ್ದರೆ ಗುಜರಿಗೆ. ಗುಜರಿಯವನ ಟ್ರಾಲಿ ಆಗಲೇ ಬಾಗಿಲಲ್ಲಿದೆ.

ಬಿಸಿಲು ಬೀಳುವ ಹೊತ್ತಿಗೆ ಎಂಜಿನ್ನು ಕೂತು, ಬೋಲ್ಟುಗಳು ಬಿಗಿದಾಗಿವೆ. ತಾಯಿ, ಮಗ ಬಂದು ನಿಂತಿದ್ದಾರೆ. ತುಳಜಪ್ಪ ಚಾವಿ ತಿರುವುತ್ತಾರೆ. ಎಂಜಿನ್ನು ಗರ್ಜಿಸುತ್ತದೆ, ಗೇರು ಬೀಳುತ್ತದೆ. ಏರಿನ ಬುಡದಲ್ಲಿ ಗಾಡಿ ನಿಂತಲ್ಲೇ ನಿಂತಿದೆ. ಭಾಷಣ ಜೋರು, ಪ್ರಯಾಣ ಶೂನ್ಯ.

"ಮುಗೀತು ಇದರ ಕತಿ," ಗುರುಬಸವ ಟ್ರಾಲಿಯವನಿಗೆ ಕೈ ಬೀಸುತ್ತಾನೆ.

ಲಚ್ಚಮ್ಮ ಮೂಗರಳಿಸುತ್ತಾರೆ. "ತಡೀರಿ ಸಾವಕಾರ್ರ. ಹೋಳಿಗಿ ವಾಸನಿ ಬರಾಕತ್ತದ."

"ಗಾಡಿ ಸುಡಾಕತ್ತದ, ನಿನಗ ಹೋಳಿಗಿ ನೆನಪಾತೇನು?" ಗುರುಬಸವ ಸಿಡುಕುತ್ತಾನೆ.

ಲಚ್ಚಮ್ಮ ಶಾಂತಾಬಾಯಿಯತ್ತ ತಿರುಗುತ್ತಾರೆ. "ಅಮ್ಮಾರ, ನಿನ್ನಿ ಬಿಚ್ಚಿಟ್ಟ ಸಾಮಾನಿಗೆ ಪೂಜಿ ಮಾಡಿದ್ರಲ್ಲ, ತುಪ್ಪ ಎಲ್ಲೆಲ್ಲಿ ಹಚ್ಚೀರಿ?"

"ಎಲ್ಲಾಕ್ಕೂ ಹಚ್ಚೀನವ್ವ, ವಿಭೂತಿ ಕಲಿಸಿ. ಚಾಪಿ ಮ್ಯಾಲಿತ್ತಲ್ಲ ದುಂಡನ ತಟ್ಟಿ, ಅದಕ್ಕ ಜರಾ ಜಾಸ್ತೀನೇ."

ಆ ದುಂಡನೆಯ ತಟ್ಟೆಯೇ ಕ್ಲಚ್ ಪ್ಲೇಟು. ಎಂಜಿನ್ನಿನ ಶಕ್ತಿಯನ್ನು ಗಟ್ಟಿಯಾಗಿ ಹಿಡಿದು ಗೇರ್ ಬಾಕ್ಸಿಗೆ ದಾಟಿಸಬೇಕಾದದ್ದು. ತುಪ್ಪ ಕುಡಿದ ಮೇಲೆ ಹಿಡಿತವೆಲ್ಲಿ? ಜಾರಿ ಜಾರಿ ಕಾದು, ಹೋಳಿಗೆಯ ಹಾಗೆ ಘಮಿಸುತ್ತಿದೆ.

ಶಾಂತಾಬಾಯಿಯ ಮುಖ ಬಾಡುತ್ತದೆ. ಲಚ್ಚಮ್ಮ ಮಾತು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. "ವಿಭೂತಿ ಒರಸಿ ಕೂಡ್ಸಿದಾಕಿ ನಾನು. ಜಿಡ್ಡು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದು. ಸಂಜಿ ತನಕ ಬಿಡ್ರಿ ಸಾವಕಾರ್ರ."

ಬೆಳಿಗ್ಗೆ ಇಳಿದದ್ದೆಲ್ಲ ಮತ್ತೆ ಮೇಲೇರುತ್ತದೆ. ಹೊಸ ಪ್ಲೇಟು ಹಾಕಿಸಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಈ ಸಲದ ವಿಭೂತಿ ಬಾನೆಟ್ಟಿನ ಹಣೆಗೆ. ಇಳಿಬಿಸಿಲಲ್ಲಿ ಅಂಬಾಸಿಡರ್ ಒಮ್ಮೆ ಕೆಮ್ಮಿ, ಏರು ಹತ್ತಿ, ತಿರುಗಿ ಬಂದು ನಿಲ್ಲುತ್ತದೆ. ಟ್ರಾಲಿ ಖಾಲಿ ಹೋಗುತ್ತದೆ.

"ಏನು ಬೇಕು ಕೇಳವ್ವ," ಗುರುಬಸವನ ದನಿ ಈಗ ಮೆತ್ತಗೆ.

"ಇಷ್ಟ್ ದಿನ ಗಾಡಿ ಕೆಳಗೇ ಮಲ್ಕೊಂಡೀನ್ರಿ. ಇದರಾಗ ಕುಂತು ನ್ಯಾಲ್ಕಲ್ ತನಕ ಒಮ್ಮಿ ಹೋಗಿ ಬರಬೇಕು. ಅಷ್ಟೇ."

ಶಾಂತಾಬಾಯಿ ತಾವೇ ಮುಂದಿನ ಬಾಗಿಲು ತೆಗೆಯುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡ ಲಚ್ಚಮ್ಮ ಒಳಗೆ ಕೂತು, ಗಾಜಿಳಿಸಿ ಗಂಡನನ್ನು ಕೂಗುತ್ತಾರೆ:

"ಏನ್ರಿ, ಯಾರಾರ ಬಂದು ಕೇಳಿದ್ರ, ಮಿಸ್ತ್ರಿ ಗಾಡ್ಯಾಗ ಹೋಗ್ಯಾಳ ಅಂತ ಹೇಳ್ರಿ!"