ಬುರುಲ್ಚಾ ಇಳಿಸಿಟ್ಟುಕೊಂಡ ಮದುವೆಯ ಮಾತು

ಬೆಟ್ಟಗಳ ನಡುವಿನ ಅತ್‌ಬಾಷಿ ಊರಿನ ದೂರವಾಣಿ ಕಚೇರಿಯಲ್ಲಿ ಕರೆ ಜೋಡಿಸಲು ಇಪ್ಪತ್ತೊಂಬತ್ತು ವರ್ಷ ತಂತಿ ಸಿಕ್ಕಿಸಿ ಬಿಚ್ಚಿದ ಬುರುಲ್ಚಾಳಿಗೆ ಊರಿನವರ ಹೊಟ್ಟೆಯೊಳಗಿನ ಮಾತೆಲ್ಲ ಗೊತ್ತಿತ್ತು. ಯಾರ ಮಗಳು ಯಾರೊಂದಿಗೆ ಓಡಿಹೋಗಲು ಹೊರಟಿದ್ದಳು, ಯಾವ ಮೇಷ್ಟ್ರು ವರ್ಗಾವಣೆಗಾಗಿ ಯಾರ ಕಾಲು ಹಿಡಿದಿದ್ದರು, ಎಲ್ಲವೂ ಅವಳ ಕಿವಿಯ ಮೇಲೇ ಹಾದುಹೋಗಿತ್ತು. ಒಂದರ ಬಗ್ಗೆಯೂ ಅವಳು ಬಾಯಿ ಬಿಟ್ಟಿರಲಿಲ್ಲ. ಕೇಳಿದವರಿಗೆ, "ನಾನು ಬರೀ ತಂತಿ ಕಣಪ್ಪಾ, ತಂತಿಗೆ ಕಿವಿ ಇರುತ್ತಾ?" ಎಂದು ತಾನೇ ತಿರುಗಿ ಕೇಳುತ್ತಿದ್ದಳು.

ಕಂಪ್ಯೂಟರ್ ಅವಳ ಮನೆಗೆ ಬಂದದ್ದು ಹಿಮದ ಮೇಲೆ ಎಳೆಯುವ ಜಾರುಬಂಡಿಯಲ್ಲಿ. ಶಾಲೆಯಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಅವಳ ಗಂಡ ಟೊಕ್ಟೋನಾಲಿ, ಶಾಲೆಯವರು ಬೇಡವೆಂದ ಹಳೆಯದೊಂದನ್ನು ಕಂಬಳಿಯಲ್ಲಿ ಸುತ್ತಿ, ಈದ ಕುರಿಯನ್ನು ತಂದಷ್ಟು ಜೋಪಾನವಾಗಿ ಎಳೆದು ತಂದಿದ್ದ. ಬುರುಲ್ಚಾ ಅದರಲ್ಲಿ ಉಣ್ಣೆಯ ಜಮಖಾನೆ ಹೊಲಿಯುವ ವಿಡಿಯೊಗಳನ್ನು ನೋಡತೊಡಗಿದಳು. ಒಂದು ದಿನ ತಲಾಸ್ ಕಡೆಯ ಮುದುಕಿಯೊಬ್ಬಳು ಟಗರುಕೊಂಬಿನ ವಿನ್ಯಾಸ ಕತ್ತರಿಸುವುದನ್ನು ತೋರಿಸುತ್ತಿದ್ದಳು. ಕತ್ತರಿ ಮೂಲೆಗೆ ಬರುವಷ್ಟರಲ್ಲಿ ಕಣಿವೆಯಲ್ಲಿ ಗಾಳಿ ಎದ್ದು ಇಂಟರ್ನೆಟ್ ಹೋಯಿತು. ಮರುದಿನ ಹುಡುಕಿದರೆ ಆ ವಿಡಿಯೊವೇ ಇಲ್ಲ. ಉಣ್ಣುತ್ತಿದ್ದವಳ ಮುಂದಿನಿಂದ ತಟ್ಟೆ ಎಳೆದುಕೊಂಡಂತಾಯಿತು ಅವಳಿಗೆ.

ಅಂದಿನಿಂದ ಕಂಡದ್ದನ್ನೆಲ್ಲ ಮನೆಯ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವುದೆಂದು ಹಟ ಹಿಡಿದಳು. ಹೇಗೆ ಇಳಿಸಬೇಕೆಂದು ಹೇಳುವ ವಿಡಿಯೊವನ್ನು ನಾಲ್ಕು ಸಲ ನೋಡಿ, ಮೊದಲು ಅದನ್ನೇ ಇಳಿಸಿಕೊಂಡಳು.

"ಬೇಸಿಗೇಲಿ ಹುಲ್ಲು ಒಟ್ಟೋದು ಗೊತ್ತಿತ್ತು," ಅಂದ ಟೊಕ್ಟೋನಾಲಿ. "ಇದ್ಯಾವ ದನಕ್ಕೆ?"

"ಪಕ್ಕದಲ್ಲಿ ಕೂತು ದಿನಾ ಬಾಯ್ಬಿಟ್ಕೊಂಡು ನೋಡ್ತೀಯಲ್ಲ, ಆ ದನಕ್ಕೆ."

ನವೆಂಬರಿನಲ್ಲಿ ಇಸಾಬೆಕ್‌ನ ಮಗಳ ಮದುವೆಯಾಯಿತು. ತಾಲೂಕಿನಲ್ಲೇ ತನ್ನಂಥ ಕುದುರೆ ಸವಾರನಿಲ್ಲ ಎಂದು ನಂಬಿದ್ದವನು ಈ ಇಸಾಬೆಕ್. ಬೀಗ ಷಾರ್ಷೆನ್ ಹಿಟ್ಟಿನ ಗಿರಣಿಯವನು. ಔತಣದ ಸಂಜೆ ಇಸಾಬೆಕ್ ತನ್ನ ಫೋನಿನಲ್ಲಿ ತಾನೇ ವಿಡಿಯೊ ಹಿಡಿದು ಊರಿಗೆಲ್ಲ ಕಾಣುವಂತೆ ಹಾಕಿದ. ಅದರಲ್ಲಿ ಗೋಡೆಯ ಮೇಲೆ ಹಳೆಯ ಜಮಖಾನೆಯೊಂದು ತೂಗುಬಿದ್ದಿದ್ದನ್ನು ಕಂಡ ಬುರುಲ್ಚಾ ಕೂಡಲೇ ಇಳಿಸಿಕೊಂಡಳು. ಮುಂದೆ ನಿಂತ ಗಂಡಸರ ಗಲಾಟೆ ಬೇಡವೆಂದು ದನಿ ಮುಚ್ಚಿ, ಹಾಳೆಯ ಮೇಲೆ ವಿನ್ಯಾಸ ಬರೆದುಕೊಂಡು ಮಲಗಿದಳು.

ಬೆಳಗ್ಗೆ ತಲೆ ಹಿಡಿದುಕೊಂಡು ಎದ್ದ ಇಸಾಬೆಕ್ ವಿಡಿಯೊ ಅಳಿಸಿಹಾಕಿದ.

ಮೂರನೆಯ ದಿನ ಷಾರ್ಷೆನ್ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿಯ ಗಂಟು ಹಿಡಿದು ಬುರುಲ್ಚಾಳ ಮನೆಗೆ ಬಂದ. ಮೂರು ಬಟ್ಟಲು ಚಹಾ ಕುಡಿದ ಮೇಲೆ ಕೆಮ್ಮಿ, ಅಕ್ಕ ಎಂಬರ್ಥದ 'ಎಜೆ'ಯಿಂದ ಮಾತು ಶುರುಮಾಡಿದ.

"ಎಜೆ, ನಮ್ಮ ಬೀಗ್ರು ಅವತ್ತು ತಮ್ಮ ಬೂದು ಕುದುರೆ ನಂಗೆ ಕೊಟ್ಟೆ ಅಂದ್ರು. ಈಗ ಅಂದೇ ಇಲ್ಲ ಅಂತಾರೆ. ನೀವು ಕಂಡಿದ್ದೆಲ್ಲ ಇಳಿಸ್ಕೋತೀರಂತೆ, ಆ ವಿಡಿಯೊ ನಿಮ್ಮ ಹತ್ರ ಇರತ್ತಂತಲ್ಲ."

ಬುರುಲ್ಚಾಳಿಗೆ ಇಕ್ಕಟ್ಟಾಯಿತು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವಳಲ್ಲ ಅವಳು. ಆದರೆ ಇದು ತಂತಿಯಲ್ಲಿ ಕದ್ದು ಕೇಳಿದ್ದಲ್ಲ, ಅವನೇ ಊರೆಲ್ಲ ಕೇಳಲೆಂದು ಕೂಗಿದ್ದು. ಒಂದು ಗಳಿಗೆ ಯೋಚಿಸಿ, "ಒಬ್ಬರಿಗೇ ತೋರ್ಸಲ್ಲ. ಇಬ್ರೂ ಕೂತ್ಕೊಂಡು ನೋಡಿ," ಎಂದು ಇಸಾಬೆಕ್‌ನನ್ನು ಕರೆತರಲು ಗಂಡನನ್ನು ಓಡಿಸಿದಳು. ಇಸಾಬೆಕ್ ಬಂದ. ಅವನು ಬರುವುದನ್ನು ಕಂಡು ಅವನ ಹೆಂಡತಿ ಜಿಲ್ಡಿಜ್ ಬಂದಳು. ಅವರು ಬಂದದ್ದನ್ನು ಕಂಡು ಪಕ್ಕದ ಎರಡು ಮನೆಯವರೂ ಉಪ್ಪು ಕೇಳುವ ನೆಪದಲ್ಲಿ ಬಂದು ಕೂತರು.

ತೆರೆಯ ಮೇಲೆ ಇಸಾಬೆಕ್ ಬೀಗನ ಕೊರಳು ತಬ್ಬಿಕೊಂಡಿದ್ದ. "ಬೀಗ್ರೇ, ನನ್ನ ಬೂದು ಕುದುರೆ ಇವತ್ತಿಂದ ನಿಮ್ದು. ನಾನು ಮಾತು ತಪ್ಪಿದ್ರೆ ಮೀಸೆ ಬೋಳಿಸ್ಕೋತೀನಿ."

"ನೋಡಿದ್ರಾ," ಅಂದ ಷಾರ್ಷೆನ್, ಗೆದ್ದವನಂತೆ.

"ತಡಿ, ಇನ್ನೂ ಇದೆ," ಅಂದಳು ಬುರುಲ್ಚಾ.

ತೆರೆಯ ಮೇಲಿನ ಷಾರ್ಷೆನ್ ಗಳಗಳನೆ ಅತ್ತ. ಮೂಗು ಒರೆಸಿಕೊಂಡು, "ನೀವು ಕುದುರೆ ಕೊಟ್ಮೇಲೆ ನಾನೇನು ಕಮ್ಮಿನಾ? ನನ್ನ ಜಿಗುಲಿ ಕಾರು ನಿಮ್ದು, ಚಳಿಗಾಲದ ಟೈರು ಸಮೇತ," ಎಂದ. ಆಮೇಲೆ ಇಬ್ಬರೂ ಇನ್ನು ಮೇಲೆ ವೋಡ್ಕಾ ಮುಟ್ಟುವುದಿಲ್ಲವೆಂದು ಆಣೆ ಮಾಡಿ, ಆ ಆಣೆಗೆಂದು ಒಂದೊಂದು ಲೋಟ ಎತ್ತಿದರು. ಹಿಂದಿನಿಂದ ಜಿಲ್ಡಿಜ್‌ಳ ದನಿ ಕೇಳಿತು: "ಬಿಡ್ರೇ, ಬೆಳಗಾದ್ರೆ ಇಬ್ರಿಗೂ ನೆನಪಿರಲ್ಲ."

ಮನೆ ತುಂಬ ನಗು. ಷಾರ್ಷೆನ್‌ನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಎಜೆ, ಅದನ್ನ ಅಳಿಸಿಬಿಡಿ," ಅಂದ ಇಸಾಬೆಕ್.

"ಹೂಂ, ಅಳಿಸಿಬಿಡಿ," ಅಂದ ಷಾರ್ಷೆನ್. ಮದುವೆಯಾದ ಮೇಲೆ ಬೀಗರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

"ಅಳಿಸೋದು ಹೇಗೆ ಅಂತ ನಾನು ಕಲ್ತಿಲ್ಲ," ಅಂದಳು ಬುರುಲ್ಚಾ. ಅದು ಸುಳ್ಳಲ್ಲ.

ಇಷ್ಟು ಜನರ ಮುಂದೆ ಮಾತು ತಪ್ಪುವ ಎದೆ ಇಬ್ಬರಿಗೂ ಇರಲಿಲ್ಲ. ಮರುದಿನ ಕುದುರೆ ಷಾರ್ಷೆನ್‌ನ ಮನೆಗೆ, ಕಾರು ಇಸಾಬೆಕ್‌ನ ಮನೆಗೆ ಹೋದವು. ಷಾರ್ಷೆನ್ ಏರಿ ಹೊರಟರೆ ಬೂದು ಕುದುರೆ, ಇಸಾಬೆಕ್ ಹರಟೆಗೆಂದು ನಿಲ್ಲುತ್ತಿದ್ದ ಪ್ರತಿ ಬಾಗಿಲಲ್ಲೂ ನಿಂತಿತು. ಎಷ್ಟು ಒದ್ದರೂ, ಒಳಗಿನವರು ಬಂದು ಚಹಾಕ್ಕೆ ಕರೆಯುವ ತನಕ ಕದಲಲಿಲ್ಲ. ಹತ್ತು ನಿಮಿಷದ ದಾರಿಯ ಗಿರಣಿಗೆ ಷಾರ್ಷೆನ್ ಹನ್ನೊಂದು ಬಟ್ಟಲು ಚಹಾ ಕುಡಿದು ಮಧ್ಯಾಹ್ನ ತಲುಪುತ್ತಿದ್ದ. ಇತ್ತ ಇಸಾಬೆಕ್ ಕಾರಿಗೆ ಲಗಾಮು ಎಳೆದಂತೆ ಸ್ಟೀರಿಂಗ್ ಎಳೆದು, ಎರಡು ಸಲ ಕಾಲುವೆಗೆ ಇಳಿಸಿದ. ಎರಡನೆಯ ಸಲ ಅದನ್ನು ಮೇಲೆಳೆಯಲು ಅದೇ ಬೂದು ಕುದುರೆಯನ್ನು ಬೀಗನ ಮನೆಯಿಂದ ಕೇಳಿ ತರಬೇಕಾಯಿತು. ಹಗ್ಗ ಕಟ್ಟಿದಾಗ ಕುದುರೆ ತಿರುಗಿ ತನ್ನ ಹಳೆಯ ಯಜಮಾನನ ಟೋಪಿ ಮೂಸಿತು. ಇಸಾಬೆಕ್ ಅದರ ಕೊರಳಿಗೆ ಮುಖ ಒತ್ತಿ ಬಹಳ ಹೊತ್ತು ನಿಂತ. ಅದನ್ನು ಕಂಡ ಷಾರ್ಷೆನ್‌ಗೆ ತಡೆಯಲಾಗಲಿಲ್ಲ. "ತಗೊಂಡ್ಹೋಗಿ ಬೀಗ್ರೇ," ಅಂದ. "ನನ್ನ ಹೊಟ್ಟೇಲಿ ಇನ್ನು ಚಹಾಕ್ಕೆ ಜಾಗ ಇಲ್ಲ."

ಕಾರೂ ತನ್ನ ಹಳೆಯ ಮನೆಗೆ ಮರಳಿತು; ಒಂದು ಕುರಿ ಕಡಿದು ಒಪ್ಪಂದ ಮುಗಿಸಿದರು. ಬುರುಲ್ಚಾಳನ್ನು ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ, ಹಿರಿಯರ ಸಾಲಿನಲ್ಲಿ ಕೂರಿಸಿದರು. ಅವಳು ಕಂಡರೆ ಸಾಕು, ಆಣೆ ಹಾಕಲು ಬಾಯಿ ತೆರೆದವರು ಬಾಯಿಗೆ ಮಾಂಸ ಹಾಕಿಕೊಂಡು ಸುಮ್ಮನಾಗುತ್ತಿದ್ದರು.

ವಾರದ ಮೇಲೆ ಜಿಲ್ಡಿಜ್ ಒಬ್ಬಳೇ ಬಂದಳು. ಗಂಡನ ಆಣೆಯ ತುಣುಕು ಕೇಳಲು ಬಂದಿರಬೇಕೆಂದು ಬುರುಲ್ಚಾ ಅಂದುಕೊಂಡಳು.

"ಅದಲ್ಲ ಎಜೆ. ಸಮುದ್ರದ್ದೊಂದು ವಿಡಿಯೊ ಇದೆಯಂತೆ. ಒಂದು ಗಂಟೆ, ಬರೀ ಅಲೆ. ನೋಡೋಣ ಅಂದ್ರೆ ನಮ್ಮನೇಲಿ ನಿಂತು ನಿಂತು ಬರತ್ತೆ."

"ಅದರಲ್ಲಿ ಏನಾಗತ್ತೆ?"

"ಏನೂ ಆಗಲ್ಲ."

ಬುರುಲ್ಚಾ ಅವಳ ಕೈಯನ್ನೇ ಮೌಸಿನ ಮೇಲಿಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿದಳು. ನೂರಕ್ಕೆ ಮೂರು, ನೂರಕ್ಕೆ ನಾಲ್ಕು ಎಂದು ಎಣಿಕೆ ತೆವಳುತ್ತಿತ್ತು. ಟೊಕ್ಟೋನಾಲಿ ಒಲೆಗೆ ಕಲ್ಲಿದ್ದಲು ಹಾಕಿ ಬಂದು, ಇಬ್ಬರ ನಡುವೆ ತಲೆ ತೂರಿಸಿ ಕೂತ. ಸಂಜೆಯ ತನಕ ಮೂವರೂ ಚಹಾ ಕುಡಿಯುತ್ತ, ಸಮುದ್ರ ಮನೆಗೆ ಇಳಿಯುವುದನ್ನು ಕಾದರು.