ಗೋಡೆಯ ಮೇಲಿನ ನಗು

ಮಬ್ರೂಕಾ ಮೂವತ್ತು ವರ್ಷ ಊರಿನ ಸಾರ್ವಜನಿಕ ಸ್ನಾನಗೃಹವಾದ ಹಮಾಮಿನಲ್ಲಿ ಹೆಂಗಸರ ಮೈ ಉಜ್ಜಿದವಳು. ಯಾರ ಬೆನ್ನ ಮೇಲೆ ಗಂಡನ ಏಟಿನ ಬಾಸುಂಡೆಯಿದೆ, ಯಾರು ಬಸಿರನ್ನು ಮುಚ್ಚಿಟ್ಟಿದ್ದಾರೆ ಎಂಬುದೆಲ್ಲ ಮೊದಲು ತಿಳಿಯುತ್ತಿದ್ದುದು ಅವಳ ಕೈಗೆ. ಆವಿ ತುಂಬಿದ ಆ ಕೋಣೆಯ ಒಂದು ಮಾತೂ ಅವಳ ಬಾಯಿಂದ ಹೊಸ್ತಿಲು ದಾಟಿ ಹೊರಗೆ ಬಂದಿರಲಿಲ್ಲ. ಮೊಣಕಾಲು ಸೋತು ಕೆಲಸ ಬಿಟ್ಟ ಮೇಲೂ ಹೆಂಗಸರು ಬೀದಿಯಲ್ಲಿ ಕಂಡರೆ ಕೈಗೆ ಮುತ್ತಿಡುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಅವಳು ಮಗಳ ಬಾಣಂತನ ಮುಗಿಸಿಕೊಂಡು ಬೇಜಾ ಪಟ್ಟಣದಿಂದ ಬಂದಿಳಿದಳು. ಊರಿನಲ್ಲಿ ದಾಳಿಂಬೆ ಹಬ್ಬ. ಎಳೆಬಿಸಿಲು, ಬೀದಿಯುದ್ದಕ್ಕೂ ಹಣ್ಣಿನ ರಾಶಿ, ಡೋಲು, ಕಾಯಿಸಿದ ಎಣ್ಣೆಯ ವಾಸನೆ. ತನ್ನ ಮನೆಯ ತಿರುವಿನಲ್ಲಿ ಜನ ಜಮಾಯಿಸಿದ್ದನ್ನು ಕಂಡು ಯಾರೋ ಸತ್ತರೆಂದೇ ಅವಳು ತಿಳಿದಳು. ತಲೆಯೆತ್ತಿ ನೋಡಿದರೆ ಮನೆಯ ಪಕ್ಕದ ಗೋಡೆಯ ಮೇಲೆ ಅವಳೇ! ಎರಡಾಳೆತ್ತರದ ಬಣ್ಣದ ಚಿತ್ರ. ಮುಸುಕು ಜಾರಿದೆ, ಹಲ್ಲಿಲ್ಲದ ವಸಡು ಬಿಟ್ಟು ನಗುತ್ತಿದ್ದಾಳೆ, ಕೈಯಲ್ಲಿ ಒಡೆದ ದಾಳಿಂಬೆ. ಹೋದ ವರ್ಷದ ಹಬ್ಬದಲ್ಲಿ ಯಾವನೋ ತೆಗೆದ ಫೋಟೋ ನೋಡಿ ಬರೆದದ್ದು. ಹುಡುಗಿಯರು ಆ ಬಾಯಿಯ ಕೆಳಗೆ ನಿಂತು, ತಾವೂ ತುಟಿ ಒಳಗೆಳೆದುಕೊಂಡು ಮೊಬೈಲಿಗೆ ಮುಖ ಕೊಡುತ್ತಿದ್ದರು.

ಚೀಲವನ್ನು ಅಲ್ಲೇ ಇಳಿಸಿ, ನೆಟ್ಟಗೆ ಹಬ್ಬದ ಸಮಿತಿಯ ಅಧ್ಯಕ್ಷ ನಜೀಬನ ಮುಂದೆ ಹೋಗಿ ನಿಂತಳು.

"ಯಾರನ್ನ ಕೇಳಿ ಬರೆಸಿದ್ಯೋ?"

"ಚಿಕ್ಕಮ್ಮಾ, ರಾಜಧಾನಿಯಿಂದ ಕಲಾವಿದ ಬಂದಿದ್ದ. ನೀನೀಗ ಊರಿಗೇ ಅಜ್ಜಿ! ನಿನ್ನ ತಮ್ಮನ್ನ ಕೇಳಿದ್ವಿ, ಹೂಂ ಅಂದ."

"ನನ್ನ ಮುಖಕ್ಕೆ ನನ್ನ ತಮ್ಮ ಯಾವನೋ ಹೂಂ ಅನ್ನೋಕೆ? ಇವತ್ತೇ ಅಳಿಸು."

"ನಾಳೆ ದೊಡ್ಡ ಅತಿಥಿಗಳು ಬರ್ತಾರೆ. ಹಬ್ಬ ಮುಗೀಲಿ, ನೋಡೋಣ. ಈಗ ಹೋಗಿ ರಸ ಕುಡಿ."

ರಸ ಕುಡಿಯಬೇಕಂತೆ! ದಿನವಿಡೀ ಅವಳು ಕಿಟಕಿ ಹಾಕಿಕೊಂಡು ಕುಳಿತಳು. ಹೊರಗೆ "ಹಲ್ಲೆಲ್ಲಿ ಹೋಯ್ತೇ?" ಎಂಬ ಕೇಕೆ. ಊರಿನ ಅಷ್ಟೂ ಹೆಂಗಸರ ಮಾನ ಕಾದವಳನ್ನು ನಡುಬೀದಿಯಲ್ಲಿ ಬಾಯಿ ತೆರೆಸಿ ನಿಲ್ಲಿಸಿದ್ದರು.

ಭಾನುವಾರ ಬಿಸಿಲೇರುತ್ತಲೇ ಸುಣ್ಣ ಕಲಸಿದಳು. ಪಕ್ಕದ ಮನೆಯ ಶಾದ್ಲಿಯಾಳ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದಳು.

"ಕಾಲು ಮುರ್ಕೊಳ್ತೀಯ ಕಣೇ, ಇಳಿಯೇ!" ಎಂದು ಶಾದ್ಲಿಯಾ ಬೈದಳು.

"ಬೈಯೋದಾದ್ರೆ ಏಣಿ ಹಿಡ್ಕೊಂಡು ಬೈಯಿ."

ಶಾದ್ಲಿಯಾ ಬೈಯುತ್ತಲೇ ಹಿಡಿದುಕೊಂಡಳು. ಕುಂಚ ಮೊದಲು ಆ ಬಾಯಿಗೆ ಹೋಯಿತು, ಆಮೇಲೆ ಗಲ್ಲಕ್ಕೆ, ಕತ್ತಿಗೆ. ಕೆಳಗೆ ಜನ ಸೇರಿದರು. ಇದೂ ಹಬ್ಬದ ಕಾರ್ಯಕ್ರಮವೆಂದು ತಿಳಿದು ಚಪ್ಪಾಳೆ ತಟ್ಟಿದರು, ಏಣಿಯ ಮೇಲಿದ್ದವಳ ಫೋಟೋ ತೆಗೆದರು! ಮಬ್ರೂಕಾಗೆ ರೋಷ ಉಕ್ಕಿ ಬಂತು. ಕುಂಚ ಅದ್ದಿ ಬೀಸಿದಳು. ಸುಣ್ಣ ಮೊಬೈಲುಗಳ ಮೇಲೆ ಬಿತ್ತು, ಅತಿಥಿಗಳನ್ನು ಕರೆದುಕೊಂಡು ಬರುತ್ತಿದ್ದ ನಜೀಬನ ಕಪ್ಪು ಕೋಟಿನ ಮೇಲೂ ಬಿತ್ತು.

"ತಲೆ ಕೆಟ್ಟಿದೆಯಾ ಮುದುಕಿ? ಊರಿನ ಮರ್ಯಾದೆ ತೆಗೀತಿದ್ದೀಯಲ್ಲ!"

"ಮರ್ಯಾದೆನಾ? ನಿಮ್ಮ ಮನೆ ಹೆಂಗಸರ ಬಗ್ಗೆ ನಾನು ಬಾಯಿ ಬಿಟ್ರೆ ನೀನು ಈ ಬೀದೀಲಿ ತಲೆ ಎತ್ತಲ್ಲ. ಬಾಯಿ ಬಿಡಲ್ಲ ಕಣೋ. ಸಾಯೋವರೆಗೂ ಬಿಡಲ್ಲ. ಆದ್ರೆ ನೀನು ನನ್ನ ಬಾಯಿ ತೆಗೆದು ಗೋಡೆಗೆ ಅಂಟಿಸಿದೆ!"

ಚಪ್ಪಾಳೆ ನಿಂತಿತು. ಗುಂಪಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೊಬೈಲು ಕೆಳಗಿಳಿಸಿದರು. ನಜೀಬನ ಹೆಂಡತಿಯೇ ಮುಂದೆ ಬಂದು, ಗಂಡನತ್ತ ನೋಡದೆ, ಏಣಿಯ ಇನ್ನೊಂದು ಕಾಲು ಹಿಡಿದಳು. ಸಮಿತಿಯವರು ಅತಿಥಿಗಳನ್ನು ಬೇರೆ ಬೀದಿಗೆ ಕರೆದೊಯ್ದರು.

ಏಣಿ ಹಣೆಯವರೆಗೆ ಎಟುಕಲಿಲ್ಲ. ಮರುದಿನ ನಜೀಬ ಉದ್ದನೆಯ ಏಣಿಯೊಂದಿಗೆ ಇಬ್ಬರು ಆಳುಗಳನ್ನು ಕಳಿಸಿ ಉಳಿದದ್ದನ್ನೂ ಅಳಿಸಿದ. ತಾನು ಬರಲಿಲ್ಲ, ತಪ್ಪಾಯಿತೆಂದು ಹೇಳಿಯೂ ಕಳಿಸಲಿಲ್ಲ. ಕೆಲಸ ಮುಗಿದ ಮೇಲೆ ಆಳುಗಳು ಚಹಾದ ಆಸೆಯಿಂದ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತರು. ಮಬ್ರೂಕಾ ಒಳಗಿಂದ ಅಗುಳಿ ಹಾಕಿಕೊಂಡಳು.