ಮೂಗಿನಕ್ಕನಿಗೆ ಸಿಗದ ಕಳ್ಳ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವಳು ಮೂಗಿನಕ್ಕ. ಹಾಲಾಗಲಿ, ಮಾಂಸವಾಗಲಿ, ಒಮ್ಮೆ ಮೂಸಿ ‘ಹೂಂ’ ಅಂದಳೆಂದರೆ ಮುಗಿಯಿತು, ಮರುಮಾತಿಲ್ಲ. ಅರ್ಧ ಆಯುಸ್ಸು ಒಲೆಯ ಮುಂದೆ ಬೆಂದ ಜೀವ; ಜಂಬ ತುಸು ಹೆಚ್ಚೇ ಇತ್ತು.

ಬೇಯಿಸಿದ ಮಾಂಸ ಮಿಕ್ಕರೆ ಅಲ್ಲೇ ತೆಳ್ಳಗೆ ಕೊಯ್ದು, ಡಬ್ಬಿಗೆ ತುಂಬಿ, ಮನೆಯ ಫ್ರಿಜ್ಜಿಗೆ ಸೇರಿಸುತ್ತಿದ್ದಳು. ವಾರ ಕಳೆದ ಡಬ್ಬಿ ಕಂಡು ಬಸುರಿ ಸೊಸೆ ಅನುಮಾನಿಸಿದಳು.

“ಅತ್ತೆ, ಸ್ವಲ್ಪ ಬಿಸಿ ಮಾಡ್ಕೊಂಡು ತಿನ್ಲಾ?”

“ಬಿಸಿ ಮಾಡಿದ್ರೆ ಚಪ್ಪಲಿ ಚರ್ಮ ಆಗುತ್ತೆ ಕಣೆ. ನನ್ ಮೂಗೇ ಪಾಸ್ ಮಾಡಿದೆ, ನಿಂದೇನು ತಕರಾರು? ಹಂಗೇ ತಿನ್ನು!”

ಸೊಸೆ ನಕ್ಕು ತಿಂದಳು. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಜ್ವರ, ನಡುಕ. ಹೊಟ್ಟೆಯೊಳಗಿನ ಕೂಸಿನ ಮಿಸುಕಾಟವೂ ತಗ್ಗಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತಪರೀಕ್ಷೆಯ ವರದಿ ನೋಡಿ ಬಂದರು. “ಊಟದಲ್ಲಿ ಬಂದ ಕ್ರಿಮಿ ಇದು. ವಾಸನೆ ಇಲ್ಲ, ರುಚಿ ಇಲ್ಲ. ಫ್ರಿಜ್ಜಿನ ಚಳೀಲೂ ಬೆಳೆಯುತ್ತೆ.”

“ಊಟದಲ್ಲಿ ಬಂದದ್ದು ಮಗೂವರೆಗೆ ಹೇಗೆ ಹೋಗುತ್ತೆ ಡಾಕ್ಟ್ರೇ? ಕರುಳಿಗೆ ಗೋಡೆ ಇರಲ್ವಾ?” ಎಂದ ಮೂಗಿನಕ್ಕನ ಮಗ.

“ಇದೆಯಪ್ಪ. ಇದು ಗೋಡೆ ಒಡೆಯೋ ಕಳ್ಳ ಅಲ್ಲ, ನೆಂಟನ ಹಾಗೆ ಬಾಗಿಲು ತಟ್ಟುತ್ತೆ. ಗೋಡೇಲಿರೋ ಜೀವಕೋಶಗಳೇ ಕೈಹಿಡಿದು ಒಳಗೆ ಕರ್ಕೊಳ್ತವೆ. ಅಲ್ಲಿಂದ ಪಕ್ಕದ ಕೋಶಕ್ಕೆ ಒಳಗಿಂದೊಳಗೇ ನುಗ್ಗುತ್ತೆ, ರೋಗ ತಡೆಯೋ ಕಾವಲಿನವರ ಕಣ್ಣಿಗೇ ಬೀಳಲ್ಲ. ರಕ್ತ ಸೇರಿ, ಮಾಸು ದಾಟಿ ಮಗೂವರೆಗೂ ಹೋಗುತ್ತೆ. ಔಷಧಿ ಶುರು ಮಾಡಿದೀವಿ. ಏನಮ್ಮ ತಿಂದಿದ್ದೆ?”

“ಹೊರಗೆಲ್ಲೋ ತಿಂದೆ,” ಎಂದಳು ಸೊಸೆ, ಅತ್ತೆಯ ಮುಖ ನೋಡದೆ.

ಮೂಗಿನಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸಾಯುವ ಸಂಕಟದಲ್ಲೂ ತನ್ನ ಮಾನ ಕಾಯುವವಳ ಮುಂದೆ ತಲೆ ಎತ್ತುವುದು ಹೇಗೆ? ತುಟಿ ಹೊಲಿದುಕೊಂಡರೆ ಹೆಸರು ಉಳಿಯುತ್ತಿತ್ತು. ಆದರೆ ಆ ಮಾಂಸ ಕೊಯ್ದ ಹಲಗೆ, ಅದನ್ನು ಒರೆಸಿದ ಬಟ್ಟೆ ನಾಳೆಯೂ ಕ್ಯಾಂಟೀನಿನಲ್ಲೇ. ಪ್ಯಾಕಿಂಗ್ ವಿಭಾಗದಲ್ಲೂ ಬಸುರಿಯರಿದ್ದರು.

“ಅವಳು ಸುಳ್ಳು ಹೇಳ್ತಿದಾಳೆ ಡಾಕ್ಟ್ರಮ್ಮ. ಕ್ಯಾಂಟೀನಿಂದ ತಂದ ಮಾಂಸ ನಾನೇ ತಿನ್ಸಿದ್ದು. ಬಿಸಿ ಮಾಡ್ತೀನಿ ಅಂದ್ಲು, ಬೇಡ ಅಂದವಳು ನಾನು. ಮೊದಲು ನಮ್ಮ ಕ್ಯಾಂಟೀನಿಗೆ ಬೀಗ ಹಾಕ್ಸಿ.”

ಮಗ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ತಾಯಿಯೊಡನೆ ಮತ್ತೆ ಮಾತಾಡಿದ್ದು ಕೂಸು ಹುಟ್ಟಿದ ಮೇಲೆಯೇ. ದಿನ ತುಂಬುವ ಮೊದಲೇ ಹುಟ್ಟಿದ, ಹಿಡಿಯಷ್ಟು ಕೂಸು, ಹೇಗೋ ಉಳಿಯಿತು.

“ಎತ್ಕೊಳ್ಳಿ ಅತ್ತೆ,” ಎಂದು ಸೊಸೆ ಚಾಚಿದಳು.

“ಕೈ ತೊಳ್ಕೊಂಡು ಬರ್ತೀನಿ,” ಎಂದು ಹೋದವಳು ನಲ್ಲಿ ಬಿಟ್ಟುಕೊಂಡು, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಳು. ಸೊಸೆ ಕೂಗಿ ಕರೆದರೂ ಬಹಳ ಹೊತ್ತು ಹೊರಗೆ ಬರಲಿಲ್ಲ.